ಗ್ಯಾಫಿ ಮೇಸ್ತ್ರಿಯ ಮಂಗಳವಾರ

ಕ್ಲೂನ್‌ಬ್ರಾಕ್‌ನಲ್ಲಿ ಯಾರ ಬಗ್ಗೆಯಾದರೂ ನಿಜ ತಿಳಿಯಬೇಕಾದರೆ ಅವರು ಸಾಯುವವರೆಗೂ ಕಾಯಬೇಕು. ಸತ್ತ ಮೇಲಂತೂ ತಿಳಿಯುವುದೇ ಇಲ್ಲ. ಬದುಕಿದ್ದಾಗ ಎಲ್ಲರೂ ಒಳ್ಳೆಯವರು, ಸತ್ತ ಮೇಲೆ ದೇವರಂಥವರು. ಊರು ಸಣ್ಣದು ನೋಡಿ. ಇವತ್ತು ನೀವು ಬೈದವನ ಹೊಲಕ್ಕೆ ನಾಳೆ ನಿಮ್ಮ ಕರು ನುಗ್ಗುತ್ತದೆ, ನಾಡಿದ್ದು ಅವನ ತಂಗಿಯೇ ನಿಮ್ಮ ಮಗಳಿಗೆ ಟೀಚರಾಗಿ ಬರುತ್ತಾಳೆ. ಹೀಗಾಗಿ ಇಲ್ಲಿ ಯಾರೂ ಇನ್ನೊಬ್ಬರನ್ನು ಕೆಟ್ಟವರು ಎನ್ನುವುದಿಲ್ಲ. ತಮಗೆ ಕೆಟ್ಟದ್ದಾಗಿದೆ ಎಂದೂ ಹೇಳಿಕೊಳ್ಳುವುದಿಲ್ಲ. ಟ್ರ್ಯಾಕ್ಟರಿನಡಿ ಸಿಕ್ಕಿ ಕಾಲು ಮುರಿದುಕೊಂಡು ಬಿದ್ದವನನ್ನು ಹೇಗಿದ್ದೀಯಪ್ಪಾ ಎಂದು ಕೇಳಿದರೆ, ಟ್ರ್ಯಾಕ್ಟರಿನಡಿಯಿಂದಲೇ, "ಆರಾಮ, ಪರವಾಗಿಲ್ಲ. ನಿಮ್ಮನೇಲಿ ಹೇಗಿದಾರೆ?" ಎನ್ನುತ್ತಾನೆ.

ಇಂಥ ಊರಿನಲ್ಲಿ ಡಿಂಪ್ನಾ ಹ್ಯಾನ್ಲಿ ನಂಬಿಕಸ್ಥ ಕಂಟ್ರಾಕ್ಟರನನ್ನು ಹುಡುಕಲು ಹೊರಟಳು.

ಅಕ್ಟೋಬರಿನ ಸರದಿ ಪೂಜೆ ಅವಳ ಮನೆಗೆ ಬಂದಿತ್ತು. ಇಲ್ಲಿ ವರ್ಷಕ್ಕೊಂದೆರಡು ಸಲ ಪಾದ್ರಿಗಳು ಚರ್ಚು ಬಿಟ್ಟು ಯಾವುದಾದರೊಂದು ಮನೆಯ ಅಡುಗೆಮನೆಯಲ್ಲಿ ಪೂಜೆ ಮಾಡುತ್ತಾರೆ. ಸುತ್ತಲಿನವರೆಲ್ಲ ಅಲ್ಲಿ ಸೇರಿ, ಪೂಜೆ ಮುಗಿದ ಮೇಲೆ ಹೊಟ್ಟೆತುಂಬ ತಿಂದು ಹೋಗುತ್ತಾರೆ. ಮುಂದಿನ ಸಲ ಮುಂದಿನ ಮನೆ. ಒಂದು ಸುತ್ತು ಮುಗಿದು ಮತ್ತೆ ನಿಮ್ಮ ಮನೆಗೆ ಬರುವ ಹೊತ್ತಿಗೆ ಮಕ್ಕಳು ಬೆಳೆದು ಮೀಸೆ ಬಂದಿರುತ್ತದೆ. ದೇವರಿಗೇನು, ಎಲ್ಲಿಗೆ ಕರೆದರೂ ಬರುತ್ತಾನೆ, ಸುಣ್ಣಬಣ್ಣ ಕೇಳುವವನಲ್ಲ. ಆದರೆ ಅವನ ಹಿಂದೆಯೇ ಪಕ್ಕದ ಮನೆಯ ಕನ್ಸೆಪ್ಟಾ ಬೀರ್ನ್ ಬರುತ್ತಾಳೆ. ಈ ಊರಿನ ಅರ್ಧಕ್ಕರ್ಧ ಬಚ್ಚಲುಮನೆಗಳು ಎದ್ದು ನಿಂತಿದ್ದು ಹಾಗೆ, ಸರದಿ ಬಂತು ಎಂಬ ಗಾಬರಿಯಲ್ಲಿ.

ಹಿಂದಿನ ಸಲ ಹ್ಯಾನ್ಲಿಯವರ ಮನೆಗೆ ಸರದಿ ಬಂದಾಗ ಡಿಂಪ್ನಾ ಹೊಸ ಸೊಸೆ, ಅದೂ ಶ್ಯಾನನ್ ನದಿ ದಾಟಿ ಪರ ಜಿಲ್ಲೆಯಿಂದ ಬಂದವಳು. ಅತ್ತೆ ರೇಷ್ಮೆ ಕುಪ್ಪಸ ತೊಟ್ಟು ಮುಂದೆ ನಿಂತು ಬಂದವರನ್ನೆಲ್ಲ ಕರೆದಳು. ಡಿಂಪ್ನಾ ಹಿಂದುಗಡೆಯ ಪಾತ್ರೆ ತೊಳೆಯುವ ಕತ್ತಲ ಕೋಣೆಯಲ್ಲಿ ಕಪ್ಪುಬಸಿ ತೊಳೆಯುತ್ತ ಪೂಜೆಯನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಳು. ಯಾರೂ ಅವಳನ್ನು ಹೊರಗೆ ಬಾ ಎನ್ನಲಿಲ್ಲ. ಅತ್ತೆ ಈಗಿಲ್ಲ, ಗೋಡೆ ಮಾತ್ರ ಇತ್ತು. ಆ ಗೋಡೆ ಒಡೆಸಬೇಕು, ಎರಡೂ ಸೇರಿಸಿ ಒಂದೇ ದೊಡ್ಡ ಅಡುಗೆಮನೆ ಮಾಡಿಸಬೇಕು, ಕೆರೆಯ ಕಡೆಗೆ ಅಗಲವಾದ ಕಿಟಕಿ ಇಡಿಸಬೇಕು, ಈ ಸಲ ತಾನು ಮುಂದೆ ನಿಂತು ಎಲ್ಲರನ್ನೂ ಬನ್ನಿ ಬನ್ನಿ ಎನ್ನಬೇಕು. ಅವಳ ಆಸೆ ಇಷ್ಟೇ, ಮತ್ತು ಈ ಆಸೆಗೆ ಇಪ್ಪತ್ತು ವರ್ಷದ ಹಳೆಯ ಉರಿ ಇತ್ತು.

ಗಂಡ ಮ್ಯಾಲಕಿ ದನ ಸಾಕುವವನು, ಸಮಾಧಾನಿ. "ಆ ಗೋಡೆ ನಿನಗೇನು ಮಾಡಿತ್ತು?" ಎಂದ.

"ನಿಮ್ಮಮ್ಮನ್ನ ಕೇಳು," ಎಂದಳು ಡಿಂಪ್ನಾ.

ಸತ್ತ ತಾಯಿಯನ್ನು ಕೇಳುವ ಕಷ್ಟ ಯಾಕೆ ಎಂದು ಮ್ಯಾಲಕಿ ಒಪ್ಪಿಕೊಂಡ.

ಆಗ ದೇಶದಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತಿದ್ದ ಕಾಲ. ದನದ ಕೊಟ್ಟಿಗೆಗೂ ಗಾಜಿನ ಬಾಗಿಲು ಇಡಿಸುತ್ತಿದ್ದರು. ಕರಣೆ ಹಿಡಿಯಲು ಬರುವವರಿಗೆಲ್ಲ ಕೊಂಬು ಬಂದಿತ್ತು. ಬಿಷಪ್ಪರ ಭೇಟಿ ಸಿಕ್ಕರೂ ಸಿಗಬಹುದು, ಮೇಸ್ತ್ರಿಯ ಭೇಟಿ ಸಿಗುತ್ತಿರಲಿಲ್ಲ. ಆದರೂ ಡಿಂಪ್ನಾ ವಿಚಾರಿಸಿಯೇ ಗೊತ್ತು ಮಾಡಬೇಕೆಂದು ಹಟ ಹಿಡಿದಳು.

"ಟೋನಿ ಮ್ಯಾಕ್‌ಡರ್ಮಟ್ ಕೆಲಸ ಹೇಗೆ?" ಎಂದು ಅಂಗಡಿಯವನನ್ನು ಕೇಳಿದಳು.

"ಟೋನೀನಾ? ಅವರಮ್ಮ ಇದ್ದಳಲ್ಲ, ಸಾಕ್ಷಾತ್ ದೇವತೆ!"

ಇಷ್ಟು ವರ್ಷ ಈ ಊರಿನ ಉಪ್ಪು ತಿಂದ ಡಿಂಪ್ನಾಳಿಗೆ ಅಷ್ಟು ಸಾಕಾಯಿತು. ತಾಯಿಯನ್ನು ಹೊಗಳಿದರೆ ಸೂರು ಸೋರುತ್ತದೆ ಎಂದು ಅರ್ಥ. ಇನ್ನೊಬ್ಬನ ಬಗ್ಗೆ ಪೋಸ್ಟ್‌ಮ್ಯಾನನ್ನು ಕೇಳಿದಳು. "ಆಹಾ, ಏನು ಹಾಡ್ತಾನೆ ಅಂತೀಯ! ಕಣ್ಣಲ್ಲಿ ನೀರು ಬರ್ಬೇಕು," ಎಂದ. ಹಾಡು ಹೊಗಳಿದರೆ ಗೋಡೆ ವಾಲಿಕೊಂಡಿರುತ್ತದೆ. ಮೂರನೆಯವನ ಹೆಸರೆತ್ತಿದ್ದಕ್ಕೆ ಕನ್ಸೆಪ್ಟಾ, "ಅವನ ನಾಯಿ ಬಹಳ ಒಳ್ಳೇದು," ಎಂದಳು. ಆ ಮನುಷ್ಯನ ವಿಷಯವನ್ನು ಡಿಂಪ್ನಾ ಅಲ್ಲಿಗೇ ಬಿಟ್ಟಳು.

ಫಿಂಟನ್ ಗ್ಯಾಫಿಯ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: "ಗ್ಯಾಫೀನಾ? ಒಂದೇ ಒಂದು ಮಣ್ಣನ್ನೂ ತಪ್ಪಿಸಿದವನಲ್ಲ."

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಈ ಸೀಮೆಯಲ್ಲಿ ಇಲ್ಲ. ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು, ಮಣ್ಣಿಗೆ ಹೋಗದವನಿಗೆ ಇಲ್ಲ. ಸತ್ತವರ ಮನೆಗೆ ಹೊತ್ತಿಗೆ ಸರಿಯಾಗಿ ಹೋಗುವವನು ಬದುಕಿದ್ದವರ ಮನೆಗೂ ಹಾಗೆಯೇ ಬರುತ್ತಾನೆ ಎಂದು ಡಿಂಪ್ನಾ ಲೆಕ್ಕ ಹಾಕಿದಳು. ಬೇರೆ ಊರಿನಲ್ಲಿದ್ದಿದ್ದರೆ ಇಂಥ ಲೆಕ್ಕ ಹಾಕುತ್ತಿರಲಿಲ್ಲ.

ಗ್ಯಾಫಿ ಬಂದ. ಕೆಂಪು ಮುಖದ ದೊಡ್ಡ ಆಳು, ಬಾಯಲ್ಲಿ ಬೆಣ್ಣೆ. ಚಹಾ ಕುಡಿದ, ಅತ್ತೆಯ ಫೋಟೋ ನೋಡಿ ಒಳ್ಳೇ ಹೆಂಗಸು ಎಂದ, ಗೋಡೆಯ ಮೇಲೆ ಹಸುವಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿದ.

"ಇದೇ ತಾನೆ? ಇದೇನು ಬಿಡು ಡಿಂಪ್ನಾ. ಮಂಗಳವಾರ ಬಂದು ಹಿಡ್ಕೋತೀನಿ."

ಯಾವ ಮಂಗಳವಾರ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು. ಹಲವು ಮಂಗಳವಾರಗಳು ಕಳೆದ ಮೇಲೆ, ಆಗಸ್ಟಿನ ಒಂದು ಮಂಗಳವಾರ, ಅವನು ಇಬ್ಬರು ಆಳುಗಳನ್ನು ಕರೆದುಕೊಂಡು ನಿಜವಾಗಿಯೂ ಬಂದ. ಬೆಳಗಾದರೆ ಇದ್ದ ಗೋಡೆ ಮಧ್ಯಾಹ್ನಕ್ಕೆ ಇಲ್ಲ. ಕೆರೆಯ ಕಡೆಗೆ ಎಮ್ಮೆ ನುಗ್ಗುವಷ್ಟು ದೊಡ್ಡ ತೂತು. ಅದಕ್ಕೊಂದು ನೀಲಿ ಪ್ಲಾಸ್ಟಿಕ್ ಹಾಳೆ ಬಿಗಿದು, "ಕಿಟಕಿ ಮಂಗಳವಾರ ಬರುತ್ತೆ," ಎಂದು ಹೇಳಿ ವ್ಯಾನು ಹತ್ತಿದವನು ಮಾಯವಾದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿದವರು ಮನೆ ಒಡೆಸಿ ನೋಡು ಎನ್ನುವುದನ್ನು ಮರೆತಿದ್ದರು. ಗಾರೆಯ ಪುಡಿ ಸಕ್ಕರೆ ಡಬ್ಬಿಗೆ ಇಳಿಯಿತು, ಹಾಸಿಗೆಗೆ ಏರಿತು. ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಎನ್ನುತ್ತ ಮ್ಯಾಲಕಿಯ ನಿದ್ದೆ ಕೆಡಿಸಿತು. ಕೋಳಿಗಳಿಗೆ ಮಾತ್ರ ಈ ಹೊಸ ಏರ್ಪಾಡು ಬಹಳ ಹಿಡಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಒಲೆಯ ಪಕ್ಕದಲ್ಲಿ ಸಾಲಾಗಿ ಕೂತಿರುತ್ತಿದ್ದವು. ಮ್ಯಾಲಕಿ ಕೋಟು ತೊಟ್ಟು, ಟೋಪಿ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದ. ಪಾಪ, ಒಂದು ಮಾತೂ ಆಡುತ್ತಿರಲಿಲ್ಲ. ಅದು ಡಿಂಪ್ನಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಫೋನು ಮಾಡಿದರೆ, "ಅಯ್ಯೋ ಡಿಂಪ್ನಾ, ಈಗ ತಾನೆ ನಿನ್ನೇ ನೆನೆಸ್ಕೊಂಡೆ! ಮಂಗಳವಾರ!" ಎಂದು ಮೂಗಿಗೆ ತುಪ್ಪ ಸವರುತ್ತಿದ್ದ. ಆಮೇಲಾಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ಆದರೆ ಮಣ್ಣಿಗೆ ಹೋಗುವುದನ್ನು ಬಿಟ್ಟಿರಲಿಲ್ಲವಲ್ಲ. ಇಲ್ಲಿನ ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಯಾರು ಸತ್ತರು, ಮಣ್ಣು ಯಾವಾಗ ಎಂದು ಓದುತ್ತಾರೆ. ಊರೆಲ್ಲ ಸತ್ತವರ ಹೆಸರಿಗಾಗಿ ಕಿವಿಗೊಟ್ಟರೆ ಡಿಂಪ್ನಾ ಗ್ಯಾಫಿಗಾಗಿ ಕಿವಿಗೊಟ್ಟಳು. ಕಪ್ಪು ಕೋಟು ಏರಿಸಿ, ಮುಖ ಮೂತಿ ನೋಡಿರದ ಜನರ ಶವಸಂಸ್ಕಾರಕ್ಕೆಲ್ಲ ಹೋದಳು. ಅವನು ಎಲ್ಲೆಲ್ಲೂ ಇದ್ದ, ಬಹಳ ಕಡೆ ಶವಪೆಟ್ಟಿಗೆಗೆ ಹೆಗಲನ್ನೂ ಕೊಟ್ಟಿರುತ್ತಿದ್ದ. ಆದರೆ ಹೆಣದ ಎದುರು ಜಗಳ ಆಡುವ ಹಾಗಿಲ್ಲ. ಏನಿದ್ದರೂ ತಗ್ಗಿದ ದನಿಯಲ್ಲಿ, ತಗ್ಗಿದ ತಲೆಯಲ್ಲಿ ಆಗಬೇಕು.

"ಫಿಂಟನ್."

"ಡಿಂಪ್ನಾ. ಒಳ್ಳೇ ಮನುಷ್ಯ, ಪಾಪ."

"ಚಿನ್ನದಂಥವರು. ನನ್ನ ಕಿಟಕಿ ಎಲ್ಲಯ್ಯಾ?"

"ಮಂಗಳವಾರ, ದೇವರಾಣೆಗೂ."

"ಹೂಂ. ನೋರೀನ್ ಹೇಗಿದಾಳೆ?" ಹೆಂಡತಿಯನ್ನು ವಿಚಾರಿಸದೆ ಮಾತು ಮುಗಿಸುವುದು ಮರ್ಯಾದೆಯಲ್ಲ, ಎಷ್ಟೇ ಕೋಪವಿದ್ದರೂ.

"ಆರಾಮ. ಮ್ಯಾಲಕಿ?"

"ಆರಾಮ."

ಇದು ಮೂರ್ನಾಲ್ಕು ಗೋರಿಗಳ ಪಕ್ಕದಲ್ಲಿ ಅಕ್ಷರ ಬದಲಾಗದೆ ನಡೆಯಿತು. ಸೆಪ್ಟೆಂಬರ್ ಕಳೆಯಿತು. ಕನ್ಸೆಪ್ಟಾ ಬೇಲಿಯಾಚೆಯಿಂದ, "ಗಾಳಿ ಬೆಳಕು ಚೆನ್ನಾಗಿದೆ ಬಿಡು ಈಗ," ಎಂದು ಹೇಳಿ ಹೋದಳು. ಅವತ್ತು ಡಿಂಪ್ನಾ ಗಾರೆಪುಡಿಯ ನಡುವೆ ಮುಕ್ಕಾಲಿಯ ಮೇಲೆ ಕೂತು ಅತ್ತಳು. ಅತ್ತೆ ಕಾಲದಲ್ಲಿ ಗೋಡೆಯಾದರೂ ಇತ್ತು, ತನ್ನ ಕಾಲಕ್ಕೆ ಅದೂ ಇಲ್ಲವಾಯಿತು, ಊರೆಲ್ಲ ಬಂದು ಕೋಳಿಗಳ ಪಕ್ಕ ಮಂಡಿಯೂರುತ್ತದೆ ಎಂದು ನೆನೆದು ನೆನೆದು ಅತ್ತಳು.

ಮರುದಿನವೇ ಪಕ್ಕದ ಚರ್ಚಿನ ವ್ಯಾಪ್ತಿಯಲ್ಲಿ ಒಬ್ಬ ಮುದುಕ ಬ್ಯಾಂಕ್ ಮ್ಯಾನೇಜರನ ಮಣ್ಣು. ಮಳೆ ಜಿನುಗುತ್ತಿತ್ತು. ಗ್ಯಾಫಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಡಿಂಪ್ನಾ ಹತ್ತಿರ ಹೋದಳು. ಅವಳಿಗೆ ಕಿಟಕಿ ಎನ್ನಲೂ ಬೇಸರವಾಗಿತ್ತು.

"ಡಿಂಪ್ನಾ," ಎಂದ ಗ್ಯಾಫಿ, ಮಾತು ತಾನೇ ಮುಂಚೆ ಶುರುಮಾಡಿ ಪಾರಾಗಲು. "ಮ್ಯಾಲಕಿ ಹೇಗಿದಾನೆ?"

ಅವಳು ಆರಾಮ ಎನ್ನಲಿಲ್ಲ. ಸುಸ್ತಾಗಿದ್ದಳು, ಬಾಯಿ ತಿರುಗಲಿಲ್ಲ, ಅಷ್ಟೇ. ಒಂದು ನಿಟ್ಟುಸಿರು ಬಿಟ್ಟು, "ಏನು ಹೇಳ್ಲಿ ಫಿಂಟನ್," ಎಂದಳು.

ಈ ಸೀಮೆಯಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ. ಗ್ಯಾಫಿಯ ಕೆಂಪು ಮುಖ ಸುಣ್ಣದ ಗೋಡೆಯಾಯಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಡಿಂಪ್ನಾ ಅದನ್ನು ನೋಡಿದಳು. ತಾನು ಏನು ಹೇಳಿದೆ, ಅವನು ಏನು ಕೇಳಿಸಿಕೊಂಡ ಎನ್ನುವುದು ಅವಳಿಗೆ ಅರ್ಥವಾಯಿತು. ತಿದ್ದಲು ಬಾಯಿ ತೆರೆದಳು. ನೀಲಿ ಪ್ಲಾಸ್ಟಿಕ್ ಕಣ್ಣ ಮುಂದೆ ಪಟಪಟ ಎಂದಿತು. ಬಾಯಿ ಮುಚ್ಚಿದಳು. ಮತ್ತೆ ತೆರೆದು, "ಸರದಿ ಪೂಜೆ ಒಂದು ನೋಡ್ಬಿಟ್ರೆ ಸಾಕು ಅಂತಾನೆ," ಎಂದಳು.

ಇದರಲ್ಲಿ ಮೊದಲನೆಯದು ತಪ್ಪಿ ಬಂದದ್ದು, ಎರಡನೆಯದು ಶುದ್ಧ ಸುಳ್ಳು. ಡಿಂಪ್ನಾಳ ಪರವಾಗಿ ನಾನು ವಾದಿಸುವುದಿಲ್ಲ.

ಮರುದಿನ ಬೆಳಗಾಗುವ ಮೊದಲೇ ಅಂಗಳದಲ್ಲಿ ವ್ಯಾನಿನ ಸದ್ದು. ಮ್ಯಾಲಕಿ ಎರಡು ಮೊಟ್ಟೆ, ಮೂರು ಸಾಸೇಜು ಮುಂದಿಟ್ಟುಕೊಂಡು ಕೂತಿದ್ದ. ಡಿಂಪ್ನಾ ತಟ್ಟೆ ಕಿತ್ತುಕೊಂಡಳು.

"ಮೇಲೆ ಹೋಗಿ ಮಲಕ್ಕೋ."

"ಯಾಕೆ?"

"ನಿನಗೆ ಹುಷಾರಿಲ್ಲ."

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಲ್ಲ! ಹೋಗು ಮಾರಾಯ, ಬೂಟು ಬಿಚ್ಚಿ ಹೋಗು!"

"ಏನಾಗಿದೆ ನನಗೆ?" ಎಂದು ಮ್ಯಾಲಕಿ ಮೆಟ್ಟಿಲ ಮೇಲಿಂದ ಗಾಬರಿಯಾಗಿ ಕೇಳಿದ.

"ಇನ್ನೂ ಗೊತ್ತುಮಾಡಿಲ್ಲ," ಎಂದಳು ಡಿಂಪ್ನಾ.

ಗ್ಯಾಫಿ ಟೋಪಿ ತೆಗೆದು ಒಳಗೆ ಬಂದ. ಕಿಟಕಿ ತಂದಿದ್ದ. ಇಷ್ಟು ದಿನ ಅವನ ಶೆಡ್ಡಿನಲ್ಲೇ ಇತ್ತಂತೆ. ಸುತ್ತಿಗೆಗೆ ಬಟ್ಟೆ ಸುತ್ತಿ ಹೊಡೆದ, ರೋಗಿಗೆ ಸದ್ದಾಗಬಾರದೆಂದು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಕನ್ಸೆಪ್ಟಾ ಒಂದು ಇಡೀ ಹಂದಿತೊಡೆಯ ಹ್ಯಾಮ್ ಬೇಯಿಸಿ ತಂದಳು. ಬ್ರೆಡ್ಡು ಬಂತು, ಸೇಬಿನ ಟಾರ್ಟುಗಳು ಬಂದವು. ಸಾವು ಹೊಸ್ತಿಲಿಗೆ ಬಂದ ಮನೆಯನ್ನು ಒಡಕಲು ಗೋಡೆಯಲ್ಲಿ ಬಿಡಬಾರದೆನ್ನುವುದು ಇಲ್ಲಿಯ ಪದ್ಧತಿ. ಗಂಡಸರೆಲ್ಲ ಕುಂಚ ಹಿಡಿದು ಬಂದರು. ಒಬ್ಬ ನೆಲಕ್ಕೆ ಹಾಸುಗಲ್ಲು ಕೂರಿಸಿದ, ಒಬ್ಬ ಬಾಗಿಲಿಗೆ ಬಣ್ಣ ಬಳಿದ, ಇಬ್ಬರು ಹೋಗಿ ಮ್ಯಾಲಕಿಯ ದನಗಳನ್ನು ನೋಡಿಕೊಂಡರು.

ಮಹಡಿಯ ನೆಲ ಮರದ್ದು. ಕೆಳಗೆ ಆಡಿದ್ದೆಲ್ಲ ಮ್ಯಾಲಕಿಗೆ ಕೇಳಿಸುತ್ತಿತ್ತು.

"ಬೇಲಿ ಹಾಕೋದ್ರಲ್ಲಿ ಅವನ ಸಮ ಯಾರಿದಾರೆ ಹೇಳಿ," ಎನ್ನುತ್ತಿದ್ದ ಒಬ್ಬ, ಅದೇ ಬೇಲಿಗಾಗಿ ಮ್ಯಾಲಕಿಯ ಜೊತೆ ವರ್ಷಗಟ್ಟಲೆ ಮಾತುಬಿಟ್ಟವನು. "ನ್ಯಾಯವಾದ ಬೇಲಿ. ಒಂದಂಗುಲ ಆಚೆ ಇಲ್ಲ, ಈಚೆ ಇಲ್ಲ."

ಸಂಜೆ ಡಿಂಪ್ನಾ ಊಟ ತಂದಾಗ ಮ್ಯಾಲಕಿಯ ಕಣ್ಣು ಒದ್ದೆಯಾಗಿತ್ತು. "ಅಲ್ಲ ಕಣೇ, ನಾನಿಷ್ಟು ಒಳ್ಳೆಯವನು ಅಂತ ನನಗೇ ಗೊತ್ತಿರ್ಲಿಲ್ಲ."

"ಬದುಕಿದ್ದಾಗ ಇರ್ಲಿಲ್ಲ ಬಿಡು," ಎಂದಳು ಡಿಂಪ್ನಾ.

ಮೂರ್ನಾಲ್ಕು ದಿನ ಮಲಗಿದ ಮೇಲೆ ಅವನಿಗೆ ತನ್ನ ಕಾಯಿಲೆಯ ಮೇಲೆ ನಂಬಿಕೆ ಹುಟ್ಟತೊಡಗಿತು. "ಎಡಗಡೆ ಏನೋ ಹಿಡಿದ ಹಾಗಿದೆ ಡಿಂಪ್ನಾ. ನಿಜವಾಗ್ಲೂ. ಡಾಕ್ಟರನ್ನ ಕರೆಸೋಣ್ವಾ?"

"ಅದು ಕನ್ಸೆಪ್ಟಾ ಹ್ಯಾಮ್. ಎಷ್ಟು ಸಲ ತಿಂದಿದೀಯ ಇವತ್ತು?"

ತಮಾಷೆ ಮಾಡಿದಳೇ ಹೊರತು ಅವಳಿಗೂ ಒಳಗೊಳಗೇ ಅಳುಕಿತ್ತು. ಆಡಿದ ಮಾತಿಗೆ ಅಸ್ತು ಎನ್ನುವ ದೇವತೆಗಳು ಈ ದೇಶದಲ್ಲೂ ಇದ್ದರೆ ಏನು ಗತಿ? ಕಿಟಕಿಯ ಆಸೆಗೆ ಗಂಡನನ್ನು ಒತ್ತೆಯಿಟ್ಟ ಹಾಗಾಯಿತಲ್ಲ ಎಂದು ರಾತ್ರಿ ಅವನ ಗೊರಕೆಯನ್ನು ಕಿವಿಯಿಟ್ಟು ಕೇಳುತ್ತಿದ್ದಳು. ಹಿಂದೆಂದೂ ಅದು ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಆಮೇಲೆ ಫಾದರ್ ಕ್ಯೂಸಾಕ್ ಬಂದರು, ಕೈಯಲ್ಲಿ ಪವಿತ್ರ ತೈಲದ ಭರಣಿ. ಮೇಸ್ತ್ರಿಗೆ ಸುಳ್ಳು ಹೇಳುವುದು ಬೇರೆ, ಸಾಯುವವರಿಗೆ ಹಚ್ಚುವ ಎಣ್ಣೆಗೆ ಸುಳ್ಳು ಹೇಳುವುದು ಬೇರೆ. ಫಾದರ್ ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಕೆಳಗೆ ಎಲ್ಲ ಕುಂಚಗಳೂ ನಿಂತವು. ಬಹಳ ಹೊತ್ತಿನ ಮೇಲೆ ಫಾದರ್ ಇಳಿದು ಬಂದರು. ಭರಣಿಯ ಮುಚ್ಚಳದ ಮೇಲಿನ ದಾರ ಕಟ್ಟಿದ ಹಾಗೇ ಇತ್ತು.

"ಹೇಗಿದಾರೆ ಫಾದರ್?" ಎಂದಳು ಡಿಂಪ್ನಾ.

"ದೇವರ ಕೈಯಲ್ಲಿದಾನಮ್ಮ, ನಮ್ಮೆಲ್ಲರ ಹಾಗೆ," ಎಂದರು ಫಾದರ್. "ಪಾಪನಿವೇದನೆ ಮಾಡ್ಕೊಂಡ. ಅದರಲ್ಲಿ ಕೇಳಿದ್ದನ್ನ ನಾನು ಬಾಯಿ ಬಿಡೋ ಹಾಗಿಲ್ಲ, ನಿನಗೆ ಗೊತ್ತಲ್ಲ." ಆಮೇಲೆ ಹೊಸ ಕಿಟಕಿಯ ಮುಂದೆ ನಿಂತು ಕೆರೆ ನೋಡಿದರು. "ಪೂಜೆಯ ಮೇಜು ಇಲ್ಲೇ ಹಾಕ್ಸು. ಆ ಹ್ಯಾಮ್ ಇನ್ನೂ ಉಳಿದಿದೆಯಾ?"

ಮ್ಯಾಲಕಿ ಜಾಣ ಎಂದು ಮದುವೆಯಾದಾಗಿನಿಂದ ಮೊದಲ ಸಲ ಡಿಂಪ್ನಾಳಿಗೆ ಅನ್ನಿಸಿತು.

ಗ್ಯಾಫಿ ದಿನವೂ ಬಂದ. ಇದೇ ಅವಳಿಗೆ ಅರ್ಥವಾಗದ ಸಂಗತಿ. ಒಂದು ದಿನ ಬರುತ್ತಾನೆ, ಎರಡು ದಿನ ಬರುತ್ತಾನೆ, ಆಮೇಲೆ ಹಳೇ ಚಾಳಿಗೆ ಬೀಳುತ್ತಾನೆ ಎಂದುಕೊಂಡಿದ್ದಳು. ಇಲ್ಲ, ಬೆಳಗಾದರೆ ವ್ಯಾನು. ಬಂದವನೇ ಸೂರಿನ ಕಡೆ ಬೆರಳು ತೋರಿಸಿ, "ಇವತ್ತು ಹೇಗಿದಾನೆ? ಏನಾದ್ರೂ ತಿಂದ್ನಾ? ಏನಂದ?" ಎಂದು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದ. ಇಷ್ಟು ಕಾಳಜಿ ಇರುವ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಅವಳು ಇನ್ನಷ್ಟು ಸುಳ್ಳು ಹೇಳಿದಳು: ರಾತ್ರಿ ಜ್ವರ ಬಂತು, ಗಂಜಿ ಕೇಳಿದ, ತನ್ನ ತಾಯಿಯನ್ನು ಕರೆದ.

ಪೂಜೆಯ ಹಿಂದಿನ ದಿನ ಕೆಲಸ ಮುಗಿಯಿತು. ಪೂಜೆಯ ಬೆಳಿಗ್ಗೆ ಮ್ಯಾಲಕಿ ಕ್ಷೌರ ಮಾಡಿಕೊಂಡು, ಮದುವೆಯ ಸೂಟು ತೊಟ್ಟು ಮೆಟ್ಟಿಲಿಳಿದು ಬಂದ. ಹಾಸಿಗೆಯಲ್ಲಿ ತಿಂದದ್ದಕ್ಕೆ ಸೂಟಿನ ಗುಂಡಿ ಹಾಕಲಾಗುತ್ತಿರಲಿಲ್ಲ. ಸತ್ತು ಬದುಕಿದವನನ್ನು ನೋಡಿ ಜನ ಹೌಹಾರುತ್ತಾರೆ, ಪವಾಡ ಎನ್ನುತ್ತಾರೆ, ಇಲ್ಲವೇ ಮೋಸ ಎನ್ನುತ್ತಾರೆ ಎಂದು ಡಿಂಪ್ನಾ ಉಸಿರು ಬಿಗಿಹಿಡಿದು ನಿಂತಿದ್ದಳು. ಒಬ್ಬರ ಹುಬ್ಬೂ ಏರಲಿಲ್ಲ.

"ಏನು ಮ್ಯಾಲಕಿ, ಹೇಗಿದೀಯ?"

"ಆರಾಮ, ಪರವಾಗಿಲ್ಲ."

"ಮೋಡ ಮುಚ್ಕೊಂಡಿದೆ ಅಲ್ವಾ?"

ಅಷ್ಟೇ. ಡಿಂಪ್ನಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಬನ್ನಿ ಬನ್ನಿ ಎಂದಳು. ಬಂದವರು ಸೂರು ನೋಡಿದರು, ನೆಲ ನೋಡಿದರು, ತಾವೇ ಬಳಿದ ಬಣ್ಣವನ್ನು ಹೊಸದಾಗಿ ನೋಡುವವರಂತೆ ನೋಡಿ ಚೆನ್ನಾಗಿದೆ ಎಂದರು. ಫಾದರ್ ಕಿಟಕಿಯ ಮುಂದೆ ಪೂಜೆ ಮಾಡಿದರು. ಅವರ ಹಿಂದೆ ಕೆರೆ ಬೆಳ್ಳಗೆ ಕಾಣುತ್ತಿತ್ತು. ಡಿಂಪ್ನಾ ಎಲ್ಲರಿಗಿಂತ ಮುಂದೆ ಮಂಡಿಯೂರಿದ್ದಳು, ಒಂದು ಮಾತೂ ಗೋಡೆಯಾಚೆಯಿಂದ ಬರಲಿಲ್ಲ.

ತಿಂಡಿಯ ಗದ್ದಲದಲ್ಲಿ ಕನ್ಸೆಪ್ಟಾ ಅವಳ ಕಿವಿಯ ಹತ್ತಿರ ಬಂದಳು. "ಕತ್ತಲಾದ್ಮೇಲೆ ದನ ನೋಡೋಕೆ ಹೋಗ್ತಿದ್ನಲ್ಲ ನಿನ್ನ ಗಂಡ, ಬೂಟು ಒರೆಸಿಡೋಕೆ ಹೇಳ್ಬೇಕಿತ್ತು. ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಹಸಿ ಸಗಣಿ."

ಡಿಂಪ್ನಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಅಂದ್ರೆ ನಿನಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು ಕಣೇ."

"ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ?"

"ಹೇಳೋದಾ!" ಎಂದಳು ಕನ್ಸೆಪ್ಟಾ, ಅಸಹ್ಯವಾದದ್ದೇನೋ ಕೇಳಿದವಳಂತೆ. "ಅದು ಮರ್ಯಾದೆನಾ?"

ಡಿಂಪ್ನಾಳಿಗೆ ನಗು ಬಂತು, ನಾಚಿಕೆಯೂ ಆಯಿತು. ಗ್ಯಾಫಿ ಎಲ್ಲಿ ಎಂದು ನೋಡಿದಳು. ಅವನು ಕಿಟಕಿಯ ಪಕ್ಕದಲ್ಲಿ ಒಬ್ಬನೇ ನಿಂತಿದ್ದ. ಚಹಾ ಕೈಯಲ್ಲೇ ಆರುತ್ತಿತ್ತು, ತಟ್ಟೆ ಮುಟ್ಟಿರಲಿಲ್ಲ. ಇವನಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ ದಿನಾ ಬಂದನೇ? ಕೇಕಿನ ದೊಡ್ಡ ತುಂಡೊಂದನ್ನು ಕತ್ತರಿಸಿ ಕಾಗದದಲ್ಲಿ ಸುತ್ತುತ್ತ ಅವನ ಹತ್ತಿರ ಹೋದಳು.

"ಇದು ನೋರೀನ್‌ಗೆ. ಯಾಕೆ ಕರ್ಕೊಂಡು ಬರ್ಲಿಲ್ಲ? ಹೇಗಿದಾಳೆ?"

ಕೇಳಿದ್ದು ಬಾಯಿ. ಗಮನವೆಲ್ಲ ಕೇಕಿಗೆ ಸುತ್ತುವ ದಾರದಲ್ಲಿತ್ತು. ಉತ್ತರ ಬರುವುದು ತಡವಾದಾಗ ತಲೆಯೆತ್ತಿದಳು.

"ಚೆನ್ನಾಗಿಲ್ಲ ಡಿಂಪ್ನಾ," ಎಂದ ಗ್ಯಾಫಿ, ಕೆರೆಯ ಕಡೆ ನೋಡುತ್ತ. "ವಸಂತದಿಂದ್ಲೂ ಚೆನ್ನಾಗಿಲ್ಲ. ವಾರವಾರ ಗಾಲ್ವೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ಮುಂದಿನ ವಾರ ಆಪರೇಷನ್."

ಅಷ್ಟು ಗೋರಿಗಳ ಪಕ್ಕದಲ್ಲಿ ಅವನು ಆರಾಮ ಆರಾಮ ಎಂದದ್ದು ಒಂದೊಂದಾಗಿ ಡಿಂಪ್ನಾಳ ಕಿವಿಗೆ ಬಂತು. ತಾನು ಸುಳ್ಳಿಗೆ ಹೇಳಿದ ಮಾತನ್ನು ಇವನು ನಿಜಕ್ಕೆ ಹೇಳಬೇಕಿತ್ತು, ಹೇಳಿರಲಿಲ್ಲ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಫಿಂಟನ್, ನಾನು ಮ್ಯಾಲಕಿ ಬಗ್ಗೆ ಆ ಮಾತು..."

"ಅಯ್ಯೋ, ಎರಡನೇ ದಿನವೇ ಗೊತ್ತಾಯ್ತು. ಕಾಯಿಲೆ ಮನೆ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಅಲ್ಲಿ ಯಾರೂ ಹಾಗೆ ಗೊರಕೆ ಹೊಡೆಯಲ್ಲ." ಅವನ ಮುಖದಲ್ಲಿ ಸಣ್ಣ ನಗು. "ಮನೆಗೆ ಹೋಗಿ ನೋರೀನ್‌ಗೆ ಹೇಳ್ದೆ. ನಕ್ಕಳು ಡಿಂಪ್ನಾ. ಏಪ್ರಿಲ್‌ನಿಂದ ನಕ್ಕಿರ್ಲಿಲ್ಲ. ಮಾರನೇ ದಿನ ನನಗೆ ಬೇರೆ ಕಡೆ ಕೆಲಸ ಇತ್ತು. ಅವಳು ಬಿಡ್ಲಿಲ್ಲ. ಹ್ಯಾನ್ಲಿ ಮನೆಗೇ ಹೋಗು, ಅವನು ಇವತ್ತು ಏನು ತಿಂದ, ಏನಂದ, ಎಲ್ಲಾ ಕೇಳ್ಕೊಂಡು ಬಾ ಅಂತ ದಿನಾ ಅಟ್ಟಿದ್ಲು. ಅದಕ್ಕೇ ಬಂದೆ."

ಡಿಂಪ್ನಾ ಹಿಂದಿರುಗಿ ನೋಡಿದಳು. ಅಡುಗೆಮನೆ ಜನರಿಂದ ಗಿಜಿಗುಡುತ್ತಿತ್ತು. ಇನ್ನೊಂದು ಸುತ್ತು ಚಹಾ ಆಗಬೇಕಿತ್ತು, ಫಾದರ್ ತಟ್ಟೆ ಹಿಡಿದು ಇವಳಿಗೇ ಕಾಯುತ್ತಿದ್ದರು. ಇಪ್ಪತ್ತು ವರ್ಷ ಆಸೆಪಟ್ಟ ದಿನ ಇದು. ಅವಳು ಏಪ್ರನ್ ಬಿಚ್ಚಿ ಕನ್ಸೆಪ್ಟಾಳ ಕೈಗೆ ಕೊಟ್ಟಳು.

"ಇದನ್ನ ನೋಡ್ಕೋ. ಚಹಾಪುಡಿ ಮೇಲಿನ ಗೂಡಲ್ಲಿದೆ."

"ನಿನ್ನ ಪೂಜೆ ದಿನ ನೀನೆಲ್ಲಿಗೆ ಹೊರಟೆ?" ಎಂದಳು ಕನ್ಸೆಪ್ಟಾ, ಏಪ್ರನ್ ಹಿಡಿದು ಬೆಪ್ಪಾಗಿ.

ಅಷ್ಟರಲ್ಲಿ ಡಿಂಪ್ನಾ ಗ್ಯಾಫಿಯ ವ್ಯಾನಿನ ಮುಂದಿನ ಸೀಟಿನಲ್ಲಿದ್ದ ಪೈಪುಗಳನ್ನು ಹಿಂದಕ್ಕೆ ತಳ್ಳಿ ಕೂತಾಗಿತ್ತು.

ನೋರೀನ್ ಗ್ಯಾಫಿ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದಳು. ತಲೆಗೆ ಹೂವಿನ ಬಟ್ಟೆ ಕಟ್ಟಿದ್ದಳು, ಮುಖ ಬಹಳ ಸಣ್ಣದಾಗಿತ್ತು. ಡಿಂಪ್ನಾ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಜೋಡಿಸಿಕೊಂಡು ಬಂದಿದ್ದಳು. ಅದನ್ನು ಆಡಲು ನೋರೀನ್ ಬಿಡಲಿಲ್ಲ.

"ಸತ್ತವನ ಹೆಂಡ್ತಿ ಬಂದ್ಯಾ? ಕೂತ್ಕೋ ಕೂತ್ಕೋ. ಇವನು ಹೇಳೋದ್ರಲ್ಲಿ ಉಪ್ಪೂ ಇಲ್ಲ ಖಾರಾನೂ ಇಲ್ಲ. ಎಣ್ಣೆ ಹಚ್ಚಿದ್ರಾ ಇಲ್ವಾ ಫಾದರ್ರು?"

ಡಿಂಪ್ನಾ ಕೂತು ಹೇಳಿದಳು. ಕಿತ್ತುಕೊಂಡ ಸಾಸೇಜು, ಬೇಲಿಯ ಹೊಗಳಿಕೆ, ಹ್ಯಾಮಿನಿಂದ ಬಂದ ಎದೆನೋವು, ಗುಂಡಿ ಹತ್ತದ ಸೂಟು. ನೋರೀನ್ ನಕ್ಕು ನಕ್ಕು ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು. ಕಣ್ಣೊರೆಸಿಕೊಂಡು ಕೇಳಿದಳು: "ಹೊಸ ಅಡುಗೆಮನೆ ಹೇಗಿದೆ? ಬೀರುಗಳಿಗೆ ಬಾಗಿಲು ಇಟ್ಟಿದಾನಾ?"

"ಇಟ್ಟಿದಾನೆ," ಎನ್ನುತ್ತ ಡಿಂಪ್ನಾ ಆಗ ಸುತ್ತ ನೋಡಿದಳು.

ಗ್ಯಾಫಿ ಮೇಸ್ತ್ರಿಯ ಸ್ವಂತ ಅಡುಗೆಮನೆಯಲ್ಲಿ ಒಂದು ಬೀರುವಿಗೂ ಬಾಗಿಲಿರಲಿಲ್ಲ. ತಟ್ಟೆ, ಲೋಟ, ಔಷಧಿಯ ಬಾಟಲಿ ಎಲ್ಲ ಬತ್ತಲೆ ನಿಂತಿದ್ದವು. ಸೂರಿನಿಂದ ಬರೀ ತಂತಿಯಲ್ಲಿ ಬಲ್ಬೊಂದು ನೇತಾಡುತ್ತಿತ್ತು.

"ಮದುವೆಯಾದಾಗಿಂದ ಮಂಗಳವಾರ ಮಂಗಳವಾರ ಅಂತಿದಾನೆ," ಎಂದಳು ನೋರೀನ್. "ಊರಿಗುಪಕಾರಿ, ಮನೆಗೆ ಮಾರಿ. ನೋಡು ನನ್ನ ಹಣೆಬರಹ. ನೀನು ಸುಳ್ಳು ಸುಳ್ಳೇ ಕಾಯಿಲೆ ಹೇಳಿ ಅಡುಗೆಮನೆ ಮಾಡಿಸ್ಕೊಂಡೆ. ನಾನು ನಿಜವಾಗ್ಲೂ ಕಾಯಿಲೆ ಬಿದ್ದೆ, ನನಗೆ ಬಾಗಿಲು ಬರ್ಲಿಲ್ಲ."

ಅವಳು ನಗುತ್ತಲೇ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಗ್ಯಾಫಿ ನಗಲಿಲ್ಲ. ಅವನ ದೊಡ್ಡ ಮುಖ ಮಗುವಿನ ಮುಖದಂತೆ ಮುದುಡಿತು. ಡಿಂಪ್ನಾ ಎದ್ದು ನಿಂತು ಅಂಗಿಯ ತೋಳು ಮಡಿಸಿದಳು.

"ಬಾಗಿಲುಗಳು ಎಲ್ಲಿವೆ ಫಿಂಟನ್?"

"ಶೆಡ್ಡಲ್ಲಿ," ಎಂದ ಅವನು ತಡವರಿಸುತ್ತ. "ಎಲ್ಲಾ ಮಾಡಿಟ್ಟಿದೀನಿ. ಬಣ್ಣಾನೂ ಆಗಿದೆ. ಹಾಕೋದೊಂದೇ..."

"ತಗೊಂಡು ಬಾ. ನಾನು ಹಿಡ್ಕೋತೀನಿ."

"ಈಗ್ಲಾ? ಭಾನುವಾರ ಅಲ್ವಾ ಇವತ್ತು?"

"ಹೋಗಯ್ಯಾ!" ಎಂದರು ಇಬ್ಬರು ಹೆಂಗಸರೂ ಒಟ್ಟಿಗೆ.

ಅವನು ಹೋಗಿ ಬಾಗಿಲುಗಳನ್ನು ಹೊತ್ತು ತಂದ. ಡಿಂಪ್ನಾ ಪೂಜೆಯ ಬಟ್ಟೆಯಲ್ಲೇ ಮಂಡಿಯೂರಿ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದಳು, ಗ್ಯಾಫಿ ಕಣ್ಣೊರೆಸಿಕೊಂಡು ಸ್ಕ್ರೂ ತಿರುಗಿಸಿದ. ನೋರೀನ್ ಕಂಬಳಿಯೊಳಗಿಂದ ಬೆರಳು ಚಾಚಿ ಮೇಲೆ, ಕೆಳಗೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಹೇಳುತ್ತಿದ್ದಳು. ಮೊದಲನೆಯ ಬಾಗಿಲು ತುಸು ಓರೆಯಾಗಿ ಕೂತಿತು. ಅವಳು ಅದನ್ನು ಬಿಚ್ಚಿಸಿ ಮತ್ತೆ ಹಾಕಿಸಿದಳು.